ಮರಳು

ಉದ್ಯಮಬಾಗದಲ್ಲಿ ಗ್ರೀನ್ ಸ್ಯಾಂಡ್ ಅಂದರೆ ಕರಿ ಮರಳು.
ಹೊರಗಿನವರಿಗೆ ಹೇಳಿದರೆ ನಗುತ್ತಾರೆ.
ಬೆಂಟೊನೈಟು, ಕಲ್ಲಿದ್ದಲ ಪುಡಿ, ಅಳತೆಯ ನೀರು,
ಮಿದ್ದು ಮಿದ್ದು ಎಮ್ಮೆಯ ಮೈಯಂತಾದ ಮೇಲೆ
ಅದಕ್ಕೆ ಆ ಹೆಸರು.
‘ಹಸಿ ಇರೂತನಕ ಹಸರು, ಮುಂದ ಬೂದಿ’
ಎನ್ನುತ್ತಿದ್ದ ನನಗೆ ಸಾಚಾ ಕಟ್ಟಲು ಕಲಿಸಿದ ಬಾಳೇಶಣ್ಣ,
ಬೀಡಿಗೆ ಕೆಂಡ ಹುಡುಕುತ್ತ.

ಆ ಮಾತು ನೆನಪಾದದ್ದು ಪಾಲಿಕೆಯ ಸಭೆಯಲ್ಲಿ.
ಕಾರ್ಮಿಕರ ಕಡೆಯಿಂದ ಒಬ್ಬರ ಸಹಿ ಬೇಕೆಂದು
ವೈಜಯಂತಿಬಾಯಿ ನನ್ನನ್ನು ಕರೆದೊಯ್ದಿದ್ದರು.
ಗೋಡೆಯ ಮೇಲೆ ಇಪ್ಪತ್ತು ವರ್ಷದಾಚೆಯ ಬೆಳಗಾವಿ,
ಮೇಜಿನ ಮೇಲೆ ಅದರದೇ ಗೊಂಬೆ:
ಸ್ಪಂಜಿನ ಮರ, ಬಳ್ಳಾರಿ ನಾಲಾ ಎಂಬ ನೀಲಿ ರಿಬ್ಬನ್ನು,
ಒಂದೂ ನಾಯಿಯಿಲ್ಲದ ರಸ್ತೆ.
ನಮ್ಮ ಶೆಡ್ಡನ್ನು ಹುಡುಕಿದೆ.
ಇತ್ತು, ಬೆಂಕಿಪೊಟ್ಟಣದಷ್ಟು,
ತಗಡಿನ ಮೇಲೆ ಸೌರಫಲಕ ಅಂಟಿಸಿದ್ದರು.
ಹೊಗೆಯೂ ಇರಲಿಲ್ಲ, ನಾನೂ ಇರಲಿಲ್ಲ.

ಯೋಜನಾ ಶಾಖೆಯ ಫರ್ಜಾನಾ ಮುಲ್ಲಾ
ಕೋಲು ಹಿಡಿದು ತೋರಿಸುತ್ತಿದ್ದಳು:
ಇದು ಮೊದಲ ಹಂತ, ಇದು ಹಸಿರು ಉದ್ಯಮ ವಲಯ,
ಬಡ್ಡಿಯಲ್ಲಿ ಇಷ್ಟು ರಿಯಾಯಿತಿ.
ವೈಜಯಂತಿಬಾಯಿ ಆಮಂತ್ರಣದ ಬೆನ್ನಿಗೆ ಲೆಕ್ಕ ಬರೆದರು.
ಅವರ ಸಾಲಕ್ಕೆ ಏಳು ವರ್ಷ, ನಗರಕ್ಕೆ ಇಪ್ಪತ್ತು,
ಎರಕ ಹೊಯ್ಯಲು ನನಗೆ ಸಿಗುವುದು
ಲೋಹ ತಣಿಯುವ ಮುಂಚಿನ ನಾಲ್ಕು ನಿಮಿಷ.

ಆಗ ಎದ್ದವಳು ಹಲಗಾದ ತುಳಸಾಬಾಯಿ.
ಪ್ಲಾಸ್ಟಿಕ್ ಚೀಲವೊಂದನ್ನು ತಂದು
ಸ್ಪಂಜಿನ ಮರಗಳ ನಡುವೆ ಸುರಿದಳು.
‘ಇದು ಯಾರದ್ರಿ? ಮಳಿ ಬಂದಾಗೊಮ್ಮೆ
ನಾಲಾ ಹತ್ತಿ ನನ್ನ ಬಾಸಮತಿ ಗದ್ದ್ಯಾಗ ಬಂದು ಕುಂದರತೈತಿ.’

ನನಗೆ ಗುರುತು ಸಿಕ್ಕಿತು,
ಸಾಲಿನಲ್ಲಿಟ್ಟ ಇಪ್ಪತ್ತು ಡಬ್ಬಿಗಳಲ್ಲಿ
ನನ್ನ ಬುತ್ತಿ ಡಬ್ಬಿ ಸಿಕ್ಕ ಹಾಗೆ.
ಹತ್ತು ಬುಟ್ಟಿಯಲ್ಲಿ ಮೂರು ಬುಟ್ಟಿ
ಎರಕ ಕುಡಿದು ಸತ್ತಿರುತ್ತದೆ.
ರಾತ್ರಿ ಟ್ರ್ಯಾಕ್ಟರಿಗೆ ಏರಿಸುವುದು ನಾವೇ.
ಎಲ್ಲಿಗೆ ಎಂದು ನಾನು ಕೇಳಿಲ್ಲ,
ಮೂವತ್ತೊಂದು ವರ್ಷ.

ಯಾರೂ ಉಸಿರೆತ್ತಲಿಲ್ಲ. ಆಮೇಲೆ
‘ನಮ್ಮದs ಇರಬೇಕ್ರಿ’ ಅಂದರು ವೈಜಯಂತಿಬಾಯಿ,
ಮನೆಯ ಕೂಸಿನ ತಂಟೆ ಒಪ್ಪಿಕೊಳ್ಳುವವರಂತೆ.
ನಡಾವಳಿ ಪುಸ್ತಕದಲ್ಲಿ ಅದು ದಾಖಲಾಗಿಲ್ಲ.
‘ಚಹಾ ವಿರಾಮ’ ಎಂದಿದೆ.

ಸಾಲದ ಅರ್ಜಿಯಲ್ಲಿ ಒಂದು ಚೌಕ: ಯಂತ್ರದ ಉದ್ದೇಶ.
ನಾನು ಬರೆದೆ, ‘ಮರಳು ಮರಳಿಸುವುದು.’
ಬ್ಯಾಂಕಿನ ಗುಮಾಸ್ತ ಕನ್ನಡಕ ಏರಿಸಿ,
ಒಂದೇ ಪದ ಎರಡು ಸಲ ಬಿತ್ತಲ್ಲ ಎಂದು
ಮೊದಲನೆಯದನ್ನು ಹೊಡೆದುಹಾಕಿದ.
ಹಾಗಾಗಿ ನಮಗೆ ಮಂಜೂರಾದದ್ದು
ಬರೀ ಮರಳಿಸುವುದು.
ಏನನ್ನು ಎಂದು ಹೇಳಿಲ್ಲ.

ಯಂತ್ರ ಬಂತು. ಮೂರು ವಾರ
ಅದರ ಸದ್ದಿಗೆ ಶೆಡ್ಡಿನ ಪಾರಿವಾಳಗಳು ಮುನಿದವು.
ಸತ್ತ ಮರಳು ಒಂದು ಬಾಯಿಂದ ಹೋಗಿ
ಕುಲುಕಿ, ಜರಡಿಯಾಡಿ, ಧೂಳು ಉಗುಳಿ
ಇನ್ನೊಂದು ಬಾಯಿಂದ ಬರುತ್ತದೆ,
ಬೆಚ್ಚಗೆ, ಇನ್ನೂ ನಿದ್ದೆಗಣ್ಣಲ್ಲಿ.
ಟ್ರ್ಯಾಕ್ಟರಿನವನು ಈಗಲೂ ಅಮಾವಾಸ್ಯೆಗೊಮ್ಮೆ ಬಂದು ಕೇಳುತ್ತಾನೆ.
ಒಂದು ಬುಟ್ಟಿ ಇನ್ನೂ ಉಳಿಯುತ್ತದೆ.
ಅದನ್ನು ಮೂಲೆಯಲ್ಲಿ ಗುಡ್ಡೆ ಹಾಕಿದ್ದೇವೆ,
ಇಟ್ಟಿಗೆಯವರು ಒಯ್ಯುತ್ತೇವೆ ಅಂದಿದ್ದಾರೆ, ಅಂದೇ ಇದ್ದಾರೆ.

ಮರಳಿ ಬಂದ ಮರಳನ್ನು ನಂಬಲು
ಯಂತ್ರದ ಮೀಟರು ಸಾಲದು.
ನೀರು ಚಿಮುಕಿಸಿ, ಮುಷ್ಟಿ ತುಂಬ ಹಿಡಿದು ಅದುಮಿ,
ನಡುವೆ ಮುರಿಯಬೇಕು:
ಉದುರಿದರೆ ಒಣ, ಅಂಟಿದರೆ ಹೆಚ್ಚು,
ಚೊಕ್ಕ ಎರಡು ಹೋಳಾದರೆ ಹದ.
ಇವತ್ತು ಮೊದಲ ಮುಷ್ಟಿ ಉದುರಿತು.
ಎರಡನೆಯದೂ.

ಮೂರನೆಯದನ್ನು ಮುರಿಯದೆ
ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದೇನೆ.
ಕರಿ ಉಂಡೆಯ ಮೇಲೆ ನನ್ನ ಅಂಗೈಯ ಗೆರೆಗಳು,
ಫರ್ಜಾನಾಳ ನಕ್ಷೆಯ ಹಾಗೆ ಸಣ್ಣಗೆ, ತಿರುವುಮುರುವಾಗಿ.
ಬಾಳೇಶಣ್ಣ ಇದ್ದಿದ್ದರೆ ಬೈಯುತ್ತಿದ್ದ:
‘ನೋಡ್ಕೋತ ನಿಂತ್ರ ಆತೇನು?
ಇನ್ನೊಂದೀಟು ನೀರ್ ಹಾಕು.’