ಎರಡು ಗೇಣು ಮುಂದಕ್ಕೆ

ರಾಲಿನ್ಸ್ ದಾಟಿದ ಮೇಲೆ ಗಾಳಿಗೆ ಮರ್ಯಾದೆಯಿಲ್ಲ.
ಪಿಕಪ್ಪಿನ ಹಿಂದೆ ಮುಚ್ಚಿದ ಟ್ರೇಲರು, ಇಪ್ಪತ್ನಾಲ್ಕು ಅಡಿ ಬಿಳಿ ತಗಡು,
ಒಳಗೆ ಕತ್ತಲಲ್ಲಿ ವರ್ಲಿನ್‌ನ ಕೆಂಪು ರೇಸು ಕಾರು.
ಕೊಂಡವನು ಲಾರಮಿಯಲ್ಲಿ ಕಾಯುತ್ತಿದ್ದಾನೆ.
ಓಡಿಸುತ್ತಿದ್ದವಳು ಡೆಲ್ಫಾ, ಅವನ ಹೆಂಡತಿ,
ಅಲ್ಲ, ಮಾರ್ಚಿನವರೆಗೆ ಹೆಂಡತಿ.
ಪಕ್ಕದಲ್ಲಿ ನಾನು, ಟೈರಂಗಡಿಯ ಹುಡುಗ, ದಿನಗೂಲಿಗೆ.

ಐವತ್ತೈದಕ್ಕೆ ಸರಿಯಿತ್ತು. ಅರವತ್ತೆರಡಕ್ಕೆ
ಯಾರೋ ಹಿಂದಿನಿಂದ ಸೊಂಟ ಹಿಡಿದು
ಎಡಕ್ಕೆ ಬಲಕ್ಕೆ ತೂಗಿದಂತಾಯಿತು.
ಬ್ರೇಕೇ ಇಲ್ಲದ ಕಡೆ ನನ್ನ ಕಾಲು ನೆಲ ಒತ್ತಿತು.
"ತುಳೀಬೇಡ" ಅಂದಳು,
ನನ್ನ ಕಾಲಿಗೋ, ತನ್ನದಕ್ಕೋ.
ಗ್ಯಾಸು ಬಿಟ್ಟಳು. ಸ್ಟೀರಿಂಗು ನೆಟ್ಟಗೆ.
ಬಲಗೈ ಮಂಡಿಯ ಬಳಿಯ ಪುಟ್ಟ ಹಿಡಿಯನ್ನು
ನಿಂಬೆಹಣ್ಣು ಹಿಂಡುವಷ್ಟು ಮೆಲ್ಲಗೆ ಹಿಂಡಿತು:
ಟ್ರೇಲರಿನ ಬ್ರೇಕು ಮಾತ್ರ.
ಹಿಂದಿನದು ಜಗ್ಗಿತು, ಗೊಣಗಿತು, ಸಾಲಿಗೆ ಬಂತು.

ತಂಗುದಾಣದಲ್ಲಿ ಹಿಂಬಾಗಿಲು ಇಳಿಸಿದೆವು.
ವರ್ಲಿನ್ ತಾನೇ ಕಟ್ಟಿದ್ದ; ಪಟ್ಟಿಗಳೇನೋ ಬಿಗಿ.
ಕಾರು ಮಾತ್ರ ಬಾಗಿಲಿಗೇ ಆತು ನಿಂತಿತ್ತು,
ಹೋಗಲು ಮನಸ್ಸಿಲ್ಲದವರು ಹೊಸ್ತಿಲು ಬಿಡದ ಹಾಗೆ.
"ಹತ್ತರಲ್ಲೊಂದು ಪಾಲಾದರೂ ಭಾರ
ಕೊಂಡಿಯ ಮೇಲೆ ಕೂತಿರಬೇಕು.
ಹದಿನೇಳು ವರ್ಷ ಹೇಳಿದೆ ಇವನಿಗೆ."
ಪಟ್ಟಿ ಸಡಿಲಿಸಿ ಇಬ್ಬರೂ ಭುಜ ಕೊಟ್ಟೆವು.
ಎರಡು ಗೇಣು.
ಪಿಕಪ್ಪಿನ ಬೆನ್ನು ತುಸು ಕುಗ್ಗಿ ಒಪ್ಪಿಕೊಂಡಿತು.

ಮತ್ತೆ ಬಿಗಿದಳು. ಕೊಂಡಿಯಡಿ ಕತ್ತರಿಯಾಗಿದ್ದ ಸರಪಳಿ ಮುಟ್ಟಿದಳು.
ಒಂದೊಂದು ಗಾಲಿಯ ನಡುವಿಗೂ ಅಂಗೈಯಿಟ್ಟಳು,
ಜ್ವರ ನೋಡುವಂತೆ.
ಕಾರಿನ ಕಿಟಕಿಯಿಂದ ಕೈ ಹಾಕಿ
ಸೀಟಿನಲ್ಲಿದ್ದ ಅವನ ಒಂಟಿ ಕೈಗವಸು ಎತ್ತಿ
ಅಂಗೈಯಲ್ಲೇ ತೂಗಿ ನೋಡಿದಳು.
"ಇದು ಎಲ್ಲಿದ್ದರೂ ಅಷ್ಟೇ."
ಅಲ್ಲೇ ಇಟ್ಟಳು.

ಲಾರಮಿಯವರೆಗೆ ಮುಳ್ಳು
ಐವತ್ತೈದು ದಾಟಲಿಲ್ಲ.