ಒಂದು ಚಮಚ

ಮೆಗ್ಗಾನ್ ಆಸ್ಪತ್ರೆ, ಮೂಲೆಯ ಕೋಣೆ.
ನೀರಿಗೆ ಪುಡಿ ಕಲಸಿ ಗಂಜಿಯಷ್ಟು ಮಂದ ಮಾಡುತ್ತಾಳೆ
ಶಾಹಿದಾ ಮೇಡಂ.
"ಗದ್ದ ಎದೆಗೆ ತಾಗಲಿ ಹೂವಪ್ಪನವರೇ. ಹಾಂ, ಈಗ ನುಂಗಿ."

ಇಪ್ಪತ್ತೆಂಟು ವರ್ಷ
ತೀರ್ಥಹಳ್ಳಿ ಬಸ್ಸಿನ ಫುಟ್‌ಬೋರ್ಡಿನಲ್ಲಿ ನಿಂತು
ಊರಿಗೂರನ್ನೇ ಒಳಗೆ ತಳ್ಳಿದವನು ನಾನು:
"ಮುಂದ್ ಹೋಗ್ರಿ, ಜಾಗ ಐತೆ, ಮುಂದ್ ಹೋಗ್ರಿ."
ಈಗ ಒಂದು ಚಮಚ ನೀರು
ಬಾಗಿಲಲ್ಲೇ ನಿಂತುಬಿಟ್ಟಿದೆ.

ಬೈಗುಳ ನುಂಗಿದ್ದೇನೆ. ಸುಳ್ಳೇಕೆ,
ಚಿಲ್ಲರೆಯನ್ನೂ ನುಂಗಿದ್ದೇನೆ.
ಅದಕ್ಕೆಲ್ಲ ಯಾರ ಹತ್ತಿರವೂ ಕಲಿಯಬೇಕಿರಲಿಲ್ಲ.

ಅವಳ ಎರಡು ಬೆರಳು ಗಂಟಲ ಮೇಲೆ
ಮಣಿ ಏರುವುದನ್ನೇ ಕಾಯುತ್ತವೆ.

ಏರಿತು.
ಇಳಿಯಿತು.
ಕೆಮ್ಮು ಬರಲಿಲ್ಲ.

"ರೈಟ್" ಅಂದೆ.
ಸೊಟ್ಟ ತುಟಿಯಿಂದ "ಲೈಟ್" ಎಂದು ಹೊರಟಿತು.
ಅವಳು ಎದ್ದು ದೀಪ ಹಾಕಿ ಬಂದು
ಇನ್ನೊಂದು ಚಮಚ ತುಂಬಿದಳು.