ಎರಡು ಸಲ ಮೂರೂವರೆ

ಪೆಟ್ಟಿಗೆಯ ಬದಿಗೆ ಹಸಿರು ಚೀಟಿ ಅಂಟಿಸಿದ್ದರು:
ಮೂರು ವರ್ಷ, ತಿಂಗಳು ತಪ್ಪದೆ ಅಪ್‌ಡೇಟ್, ಖಾತ್ರಿ.
ಖಾತ್ರಿ ಎಂದು ಬರೆದವನು ಮಾರಾಟ ವಿಭಾಗದವನು,
ಬರೆದು ಊಟಕ್ಕೆ ಹೋದ.
ಉಳಿಸಿಕೊಡಬೇಕಾದವಳು ರೈಯಾ.
ಔಲು ಊರಿನ ಮೂರನೆಯ ಮಹಡಿ,
ಕಿಟಕಿಯಾಚೆ ನದಿ, ಈಚೆ
ಒಂದೇ ಜಾತಿಯ ಇಪ್ಪತ್ತಾರು ಫೋನು,
ದಾವಣಿಗೆ ಕಟ್ಟಿದ ಕರುಗಳಂತೆ ಚಾರ್ಜರು ಹೀರುತ್ತ.

ಬೋಳು ಫೋನು ಎಂದವರುಂಟು.
ನಿಜ, ಒಳಗೆ ಹೆಚ್ಚಿನದೇನಿಲ್ಲ.
ಕರೆಯದೆ ಬಂದು ಕೂತ ಆಟಗಳಿಲ್ಲ,
ಅಳಿಸಿದರೂ ಅಳಿಯದ ಅಂಗಡಿಯಿಲ್ಲ,
ಮೂಲದಲ್ಲಿ ಹೇಗಿತ್ತೋ ಹೆಚ್ಚುಕಡಿಮೆ ಹಾಗೇ.
ರೈಯಾ ಹೇಳುವುದು:
ಸೌನಾದ ಹಲಗೆಗೆ ಯಾರಾದರೂ
ವಾರ್ನಿಷ್ ಬಳಿಯುತ್ತಾರೆಯೇ?
ಬಳಿದು ನೋಡಿ. ಬೆತ್ತಲೆ ಕೂತು ನೋಡಿ.
ಆಮೇಲೆ ಎದ್ದು ನೋಡಿ.

ಮೊದಲ ವರ್ಷ ಒಂಬತ್ತು ಜನರಿದ್ದರು.
ಹೊಸ ಮಾದರಿ ಬಂತು, ಐವರು ಅತ್ತ ಸರಿದರು.
ಇಬ್ಬರಿಗೆ ಮಗು, ಒಬ್ಬನಿಗೆ ಬೇರೆ ಕಂಪನಿ.
ಮೂರನೆಯ ವರ್ಷ ಕಾಫಿ ಯಂತ್ರವೂ ಕೆಳಗಿಳಿಯಿತು.
ರೈಯಾ ಫ್ಲಾಸ್ಕು ತಂದಳು.
ತಿಂಗಳಿಗೊಮ್ಮೆ ಬರುವ ತೂತುಗಳ ಪಟ್ಟಿ,
ಒಂದೊಂದನ್ನೂ ಮುಚ್ಚಿ, ಇಪ್ಪತ್ತಾರಕ್ಕೂ ಉಣಿಸಿ,
ಅವು ಆರಿ ಮತ್ತೆ ಹೊತ್ತಿಕೊಳ್ಳುವವರೆಗೆ ಕಾದು
ಲೋಕಕ್ಕೆ ಬಿಡುತ್ತಿದ್ದಳು.
ಯಾರ ಜೇಬು, ಯಾವ ದಿಂಬಿನ ಅಡಿ, ತಿಳಿಯದು.
ಪರದೆಯ ಮೇಲೆ ಬರಿ ಒಂದು ಸಂಖ್ಯೆ,
ಪ್ರತಿ ತಿಂಗಳೂ ಇಷ್ಟಿಷ್ಟು ಕಮ್ಮಿ:
ಒಡೆದವು, ಕಳೆದವು,
ಮೀನಿಗೆಂದು ಮಂಜುಗಡ್ಡೆಯಲ್ಲಿ ಕೊರೆದ ಕಂಡಿಗೆ
ಜಾರಿ ಮುಳುಗಿದವು.

ಆ ಸಂಖ್ಯೆಯೊಳಗಿಂದ ಒಮ್ಮೆ ಒಬ್ಬಳು ಮಾತಾಡಿದಳು.
ಕೆಮಿ ಊರಿನ ಆಸ್ಪತ್ರೆಯ ಅಡುಗೆಯವಳು, ಓಯ್ಲಿ.
ಗಡಿಯಾರ ಹಿಂದಕ್ಕೆ ತಿರುಗುವ ಭಾನುವಾರ,
ನಾಲ್ಕಾಗಬೇಕಾದ್ದು ಮತ್ತೆ ಮೂರಾಗುವ ರಾತ್ರಿ:

"ಮೂರೂವರೆಗೆ ಎದ್ದೆ. ಅಂಗಳ ದಾಟಿದೆ.
ನಲವತ್ತು ಜನರ ಗಂಜಿ ತಿರುವುತ್ತಿದ್ದೆ.
ಏಪ್ರನ್ನಿನ ಜೇಬಿನಲ್ಲಿ ಅಲಾರಂ ಮತ್ತೆ ಹೊಡೆಯಿತು,
ಏಳು, ಮೂರೂವರೆಯಾಯಿತು ಎಂದು.
ಸೌಟು ನಿಂತಿತು.
ನಾನಿನ್ನೂ ಎದ್ದೇ ಇಲ್ಲವೇ? ಈ ಗಂಜಿ ಕನಸಿನದೇ?
ಬೆರಳು ಅದ್ದಿ ನೋಡಿದೆ.
ನಾನು ಎದ್ದಿದ್ದೆನೋ ಇಲ್ಲವೋ, ಬೊಬ್ಬೆಯಂತೂ ಎದ್ದಿತು.
ಸರಿಮಾಡಿಕೊಡಿ."

ಸುರಕ್ಷತೆಗೆ ಸಂಬಂಧಿಸಿದ್ದಲ್ಲ ಎಂದು
ಯಾರೋ ದೂರಿಗೆ ಬೀಗ ಹಾಕಿದ್ದರು.
ಕೊನೆಯ ಅಪ್‌ಡೇಟಿನ ಸೆಪ್ಟೆಂಬರಿನಲ್ಲಿ
ರೈಯಾ ಅದನ್ನು ತೆರೆದಳು.
ಮೇಲಿನವನು, ತೇಮು, ಕೆಟ್ಟವನೇನಲ್ಲ:
"ಚೀಟಿಯಲ್ಲಿ ಅಲಾರಂ ಇಲ್ಲವಲ್ಲ.
ಅಕ್ಟೋಬರು ಬರುವಷ್ಟರಲ್ಲಿ ನಮ್ಮ ಮಾತೇ ಮುಗಿದಿರುತ್ತದೆ."
ತಲೆಯಾಡಿಸಿದಳು. ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು.
ಅವನು ಲಿಫ್ಟು ಹತ್ತಿದ ಮೇಲೆ
ಯಂತ್ರದ ಭಾಷೆಯಲ್ಲಿ ಒಂದು ಸಾಲು ಬರೆದಳು.
ಅರ್ಥ ಇಷ್ಟೇ:
ಒಮ್ಮೆ ಎಬ್ಬಿಸಿದವರನ್ನು ಮತ್ತೆ ಎಬ್ಬಿಸಬೇಡ.
ಏನು ಬದಲಾಯಿತು ಎಂದು ಕೇಳಿತು ಪರದೆ.
ಸಣ್ಣಪುಟ್ಟ ಸುಧಾರಣೆ, ಎಂದು ತುಂಬಿದಳು.

ಇಪ್ಪತ್ತೈದು ಫೋನು ರಟ್ಟಿನ ಡಬ್ಬಿಗೆ ಹೋದವು.
ಒಂದು ಅವಳ ಅಡುಗೆಮನೆ ಮೇಜಿನ ಮೇಲೆ,
ಅಕ್ಟೋಬರಿನ ಕೊನೆಯ ಭಾನುವಾರ,
ಮೂರೂವರೆಗೆ ಹೊಡೆಯಿತು. ಆರಿಸಿದಳು.
ಮೂರೂ ಐವತ್ತೊಂಬತ್ತು.
ಮೂರು.
ಅದೇ ಗಂಟೆ ಮತ್ತೆ ಮೆಟ್ಟಿಲು ಹತ್ತಿ ಬರತೊಡಗಿತು.
ಕಾಯುತ್ತ ಸೆಟ್ಟಿಂಗ್ಸ್ ತೆರೆದರೆ ಅಲ್ಲಿ
"ನಿಮ್ಮ ಸಾಫ್ಟ್‌ವೇರ್ ಇತ್ತೀಚಿನದು" ಎಂದಿತ್ತು.
ಇನ್ನು ಹತ್ತು ವರ್ಷ ಬಿಟ್ಟು ಕೇಳಿದರೂ
ಪಾಪ, ಅದನ್ನೇ ಹೇಳುತ್ತದೆ.

ಮೂರೂ ಇಪ್ಪತ್ತೊಂಬತ್ತು.
ಫ್ರಿಜ್ಜು ಗುಂಯ್‌ಗುಟ್ಟಿ ನಿಂತಿತು.
ಮೂರೂ ಮೂವತ್ತೊಂದು.

ಕೆಮಿಯಿಂದ ಯಾರೂ ಬರೆಯಲಿಲ್ಲ.
ಹೊಡೆಯದ ಅಲಾರಮ್ಮಿನ ಬಗ್ಗೆ
ಯಾರು ತಾನೇ ಬರೆಯುತ್ತಾರೆ?
ರೈಯಾ ದೀಪ ಆರಿಸಿದಳು,
ಹಸಿವಾಗಿತ್ತು, ಮತ್ತೆ ಹಾಕಿದಳು.